ಡೆಲ್ಬರ್ಟನಿಗಿದ್ದ ಭಾರೀ ವಿಮೆ

ಕಾರ್ವರ್ಸ್ ಬೆಂಡ್ ಊರಿನಲ್ಲಿ ಡೆಲ್ಬರ್ಟ್ ಸ್ಟ್ರಿಕ್ಲರ್‌ನಂಥ ಅದೃಷ್ಟವಂತ ಇನ್ನೊಬ್ಬನಿಲ್ಲ ಎಂದು ಎಂಟು ದಿನ ಎಲ್ಲರೂ ನಂಬಿದ್ದರು. ಒಂಬತ್ತನೆಯ ದಿನ ಅವನು ಫೈರ್ ಸ್ಟೇಷನ್ನಿನ ನೆಲದ ಮೇಲೆ, ಚೆಲ್ಲಿದ ಸಿಹಿಪಾಕದ ನಡುವೆ, ಅಂಗಾತ ಬಿದ್ದಿದ್ದ. ಅದೃಷ್ಟ ಇಷ್ಟು ಬೇಗ ಮಗ್ಗುಲು ಬದಲಿಸಿದ್ದನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ.

ಎಲ್ಲಕ್ಕೂ ಕಾರಣ ಗವರ್ನರಮ್ಮ. ಚುನಾವಣೆ ಗೆದ್ದು ರಾಜ್ಯ ಆಳುತ್ತಿದ್ದ ಇಂಗ್ರಿಡ್ ಡಾಲ್‌ಕ್ವಿಸ್ಟ್ ಎಂಬ ಆ ಹೆಂಗಸು ಟೀವಿಯಲ್ಲಿ ಕಾಣಿಸಿಕೊಂಡು, ಈ ರಾಜ್ಯದಲ್ಲಿ ಉಸಿರಾಡುವ ಪ್ರತಿಯೊಬ್ಬರಿಗೂ ಆರೋಗ್ಯ ವಿಮೆ ಕೊಡಿಸುತ್ತೇನೆ ಎಂದುಬಿಟ್ಟಳು. ಅಷ್ಟೇ, ಊರು ಎರಡಾಯಿತು. ಅಲ್ಲಿಯವರೆಗೆ ಚರ್ಚಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಹಾಡನ್ನು ಒಟ್ಟಿಗೆ ತಪ್ಪಾಗಿ ಹಾಡುತ್ತಿದ್ದವರು ಈಗ ಬೇರೆ ಬೇರೆ ಬೆಂಚಿನಲ್ಲಿ ಕೂತು ಬೇರೆ ಬೇರೆಯಾಗಿ ತಪ್ಪು ಹಾಡತೊಡಗಿದರು. ಮನೆ ಮುಂದಿನ ಹುಲ್ಲಿನಲ್ಲಿ ಹೂವಿನ ಗಿಡಗಳಿಗಿಂತ ಹೆಚ್ಚು ಬೋರ್ಡುಗಳು ಎದ್ದವು. ಒಂದು ಮನೆಯಲ್ಲಿ “ಗವರ್ನರಮ್ಮನಿಗೆ ಜೈ”, ಪಕ್ಕದ ಮನೆಯಲ್ಲಿ “ನನ್ನ ಮೈ ಮುಟ್ಟಬೇಡ ಸರ್ಕಾರವೇ”.

ಈ ಎರಡನೆಯ ಬೋರ್ಡು ಬರೆಸಿದವನು ಲಾಯ್ಡ್ ಫಂಡರ್‌ಬರ್ಗ್, ಡೆಲ್ಬರ್ಟನ ಪಕ್ಕದ ಮನೆಯವನು. ಮೂವತ್ತೈದು ವರ್ಷ ಪೋಸ್ಟ್‌ಮನ್ ಆಗಿದ್ದು ನಿವೃತ್ತನಾದವ. ಅವನ ಪಿಂಚಣಿ ಸರ್ಕಾರದ್ದು, ಕನ್ನಡಕ ಸರ್ಕಾರದ್ದು, ಸವೆದ ಎಡ ಮಂಡಿಯನ್ನು ಬದಲಿಸಿಕೊಟ್ಟದ್ದೂ ಸರ್ಕಾರವೇ. ಆ ಹೊಸ ಮಂಡಿಯ ಮೇಲೆಯೇ ಗಟ್ಟಿಯಾಗಿ ನಿಂತು ಅವನು ಸರ್ಕಾರಿ ವಿಮೆಯನ್ನು ವಿರೋಧಿಸುತ್ತಿದ್ದ.

ಇನ್ನು ಡೆಲ್ಬರ್ಟ್. ವಯಸ್ಸು ಐವತ್ತೇಳು. ಮೂವತ್ತು ವರ್ಷ ಕುರ್ಚಿ ಕಾರ್ಖಾನೆಯಲ್ಲಿ ಕುರ್ಚಿಗಳಿಗೆ ಕಾಲು ಜೋಡಿಸಿದ. ಒಂದು ದಿನ ಕಾರ್ಖಾನೆಗೇ ಕಾಲು ಬಂದು ಬೇರೆ ದೇಶಕ್ಕೆ ನಡೆದುಹೋಯಿತು, ಅದರ ಹಿಂದೆಯೇ ಅವನ ವಿಮೆಯೂ. ಈಗ ಅವನು ಶಾಲೆಯ ಬಸ್ಸಿಗೆ ಬದಲಿ ಡ್ರೈವರ್. ಖಾಯಂ ಡ್ರೈವರಿಗೆ ನೆಗಡಿಯಾದ ದಿನ ಮಾತ್ರ ಇವನಿಗೆ ಕೆಲಸ. ನೆಗಡಿಯಾಗಿ ಮಲಗಿದವನಿಗೆ ವಿಮೆ ಇದೆ, ಎದ್ದು ಬಸ್ಸು ಓಡಿಸುವವನಿಗೆ ಇಲ್ಲ. ಇದನ್ನು ಯಾವ ಮಹಾನುಭಾವ ಯೋಚಿಸಿ ಮಾಡಿದನೋ ಗೊತ್ತಿಲ್ಲ. ಅವನಿಗೆ ಖಂಡಿತ ವಿಮೆ ಇರಬೇಕು.

ತನಗೆ ವಿಮೆ ಇಲ್ಲವೆಂಬುದನ್ನು ಡೆಲ್ಬರ್ಟ್ ಯಾರಿಗೂ ಹೇಳಿರಲಿಲ್ಲ. ಹಾಗೆ ಹೇಳಿಕೊಳ್ಳುವುದಕ್ಕಿಂತ ಪ್ಯಾಂಟಿಲ್ಲದೆ ಚರ್ಚಿಗೆ ಹೋಗುವುದು ವಾಸಿ ಎಂಬುದು ಅವನ ಸಿದ್ಧಾಂತ. ಗೊತ್ತಿದ್ದವರು ಇಬ್ಬರೇ: ಹೆಂಡತಿ ನಡೀನ್ ಮತ್ತು ಅವನ ಪಿತ್ತಕೋಶ. ಆ ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ತಿಂಗಳಿಗೊಮ್ಮೆ ಪುಕ್ಕಟೆ ನೋಡುವ ಡಾಕ್ಟರೊಬ್ಬರನ್ನು ಹುಡುಕಿಕೊಂಡು, ಪರಿಚಯದವರು ನೋಡಬಾರದೆಂದು ಮೂರು ಊರು ದಾಟಿ, ಕಪ್ಪು ಕನ್ನಡಕ ಹಾಕಿಕೊಂಡು ಹೋಗಿ ಬಂದಿದ್ದ. “ಇದನ್ನ ತೆಗೆಸಿಬಿಡಬೇಕಪ್ಪ, ತಡ ಮಾಡಿದ್ರೆ ಕೀವಾಗುತ್ತೆ, ಜೀವಕ್ಕೇ ಕುತ್ತು,” ಎಂದಿದ್ದರು ಅವರು. “ಅಲ್ಲೀವರೆಗೂ ಕರಿದದ್ದನ್ನ ಕಣ್ಣಲ್ಲೂ ನೋಡಬೇಡ.”

ಮುಂದಿನ ಶುಕ್ರವಾರವೇ ಡೆಲ್ಬರ್ಟ್ ಜೊಲೀನಳ ಹೋಟೆಲಿನಲ್ಲಿ ಕೂತು ಕರಿದ ಮೀನು ತಿನ್ನುತ್ತಿದ್ದ. ಶುಕ್ರವಾರ ಅಲ್ಲಿ ಮೀನು ತಿನ್ನದಿದ್ದರೆ ಜನ ಯಾಕೆಂದು ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ. ಮೂರನೆಯ ತುಂಡಿಗೆ ಪಕ್ಕೆಲುಬಿನ ಕೆಳಗೆ ಯಾರೋ ಸ್ಪಾನರ್ ಹಾಕಿ ತಿರುಗಿಸಿದ ಹಾಗಾಯಿತು. ಅವನು ಮೇಜಿನಂಚು ಹಿಡಿದುಕೊಂಡು ಬೆವರಿದ.

“ಏನಾಯ್ತು ಚಿನ್ನ?” ಎಂದು ಜೊಲೀನ್ ಕಾಫಿ ಜಗ್ಗು ಹಿಡಿದೇ ಓಡಿಬಂದಳು. ಅವಳು ಊರಿನವರನ್ನೆಲ್ಲ ಚಿನ್ನ ಎನ್ನುತ್ತಿದ್ದಳು, ದುಡ್ಡು ಕೊಡದೆ ಹೋಗುವವರನ್ನೂ. ಗವರ್ನರಮ್ಮನ ಪಕ್ಷಕ್ಕೆ ಊರಿನಲ್ಲಿ ಅವಳೇ ಸೇನಾಪತಿ. “ನೋಡು, ಇದಕ್ಕೇ ನಾನು ಹೇಳೋದು. ಗವರ್ನರಮ್ಮನ ಕಾರ್ಡು ಬರ್ಲಿ, ಮೊದಲು ನಿನ್ನನ್ನೇ ಡಾಕ್ಟರ ಹತ್ರ ಎಳ್ಕೊಂಡು ಹೋಗ್ತೀನಿ.”

ಪಕ್ಕದ ಮೇಜಿನಿಂದ ಲಾಯ್ಡ್ ಎದ್ದ. “ಅವನಿಗ್ಯಾಕೆ ಆ ಯಮ್ಮನ ಭಿಕ್ಷೆ? ಶಾಲೆ ಕೆಲಸದಲ್ಲಿದಾನೆ, ವಿಮೆ ಇರೋಲ್ವಾ? ಲೋ ಡೆಲ್ಬರ್ಟ್, ಹೇಳೋ, ಇದೆ ತಾನೆ?”

ಇಪ್ಪತ್ತು ಮುಖಗಳು ಇತ್ತ ತಿರುಗಿದವು. ಡೆಲ್ಬರ್ಟ್ ಒಂದು “ಹೂಂ” ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಹೆದರಿದ ಮನುಷ್ಯನ ಬಾಯಿ ಒಂದು ಹೂಂಗೆ ನಿಲ್ಲುವುದಿಲ್ಲ.

“ಇದೆಯಾ ಅಂತ ಕೇಳ್ತೀಯಲ್ಲ! ನನಗಿರೋ ವಿಮೆ ಇಡೀ ಜಿಲ್ಲೇಲಿ ಯಾರಿಗೂ ಇಲ್ಲ,” ಎಂದು ಅಂಗಿಯ ಜೇಬಿನಿಂದ ಕಾರ್ಡೊಂದನ್ನು ಎಳೆದು ಮೇಲೆತ್ತಿ ತೋರಿಸಿದ.

ಕಾರ್ಡು ನಿಜವಾಗಿಯೂ ಭರ್ಜರಿಯಾಗಿತ್ತು. ನೀಲಿ ಬಣ್ಣ, ಬಂಗಾರದ ಅಂಚು, ಹನ್ನೆರಡು ಅಂಕಿಯ ಸಂಖ್ಯೆ. ಮೂಲೆಯಲ್ಲೊಂದು ಪುಟ್ಟ ಪಂಜದ ಹೆಜ್ಜೆ ಗುರುತಿತ್ತು. ಅದರ ಮೇಲೆ ಡೆಲ್ಬರ್ಟನ ಹೆಬ್ಬೆರಳಿತ್ತು.

ಅದು ಡ್ಯೂಕನ ಕಾರ್ಡು. ಡ್ಯೂಕ್ ಎಂದರೆ ಅವರ ನಾಯಿ, ಕಂದು ಬಿಳಿ ಬಣ್ಣದ್ದು, ವಯಸ್ಸು ಆರು. ನಡೀನ್ ಪ್ರಾಣಿಗಳ ಆಸ್ಪತ್ರೆಯಲ್ಲಿ ಬೋನು ತೊಳೆಯುವ ಕೆಲಸದಲ್ಲಿದ್ದಳು. ಅಲ್ಲಿ ಕೆಲಸ ಮಾಡುವವರ ಮನೆಯ ನಾಯಿಬೆಕ್ಕುಗಳಿಗೆ ಪುಕ್ಕಟೆ ವಿಮೆ. ಕೆಲಸ ಮಾಡುವವರಿಗೆ ಇಲ್ಲ. ಹತ್ತು ವರ್ಷ ಬಗ್ಗಿ ಬಗ್ಗಿ ಅವಳ ಸೊಂಟ ಹೋಗಿತ್ತು. ಡ್ಯೂಕನ ಸೊಂಟಕ್ಕೆ ಏನಾದರೂ ಆದರೆ ಪೂರ್ತಿ ಖರ್ಚು ಕಂಪನಿಯದು.

“ಹೇಗಪ್ಪಾ ನೋಡ್ಕೋತಾರೆ?” ಎಂದು ಯಾರೋ ಕೇಳಿದರು.

ಡೆಲ್ಬರ್ಟನಿಗೆ ಸುಳ್ಳು ಕಟ್ಟುವ ವಿದ್ಯೆ ಬರುತ್ತಿರಲಿಲ್ಲ. ಆದ್ದರಿಂದ ಅವನು ನಿಜವನ್ನೇ ಹೇಳಿದ. ಯಾರ ನಿಜ ಎಂಬುದೊಂದನ್ನು ಬಿಟ್ಟು.

“ಹೋದ ತಿಂಗಳು ಹೊಟ್ಟೆ ಕೆಟ್ಟಿತ್ತು. ಹನ್ನೊಂದು ಗಂಟೆಗೆ ಫೋನ್ ಮಾಡಿದ್ದು, ಹನ್ನೊಂದೂವರೆಗೆ ಒಳಗೆ ಕರೆದ್ರು.”

“ಅದೇ ದಿನ?” ಎಂದ ಒಬ್ಬ ಮುದುಕ. ಅವನು ತನ್ನ ಮೂತ್ರದ ತೊಂದರೆಗೆ ಜನವರಿಯಲ್ಲಿ ಕೇಳಿ ಸೆಪ್ಟೆಂಬರಿನ ದಿನಾಂಕ ಪಡೆದಿದ್ದವನು.

“ಅದೇ ದಿನ. ಡಾಕ್ಟರು ಪಕ್ಕದಲ್ಲೇ ಕೂತ್ಕೊಂಡ್ರು. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರು. ಹೊಟ್ಟೆ ಸವರಿದ್ರು. ಹೆದರಬೇಡ ಮರಿ, ನೀನು ಒಳ್ಳೆ ಹುಡುಗ ಅಂದ್ರು.”

“ನನ್ನ ಡಾಕ್ಟ್ರು ಕಂಪ್ಯೂಟರ್ ನೋಡ್ಕೊಂಡೇ ಮಾತಾಡ್ತಾನೆ,” ಎಂದಳು ಒಬ್ಬಾಕೆ. “ನನ್ನ ಮುಖ ನೋಡಿದ್ದು ಎರಡು ವರ್ಷದ ಹಿಂದೆ.”

“ಸಂಜೆ ಮನೆಗೆ ಫೋನು ಬಂತು,” ಡೆಲ್ಬರ್ಟನಿಗೆ ಹುರುಪೇರಿತ್ತು. “ಊಟ ಮಾಡಿದ್ನಾ, ಹೊರಗಡೆ ಸರಿಯಾಗಿ ಹೋಯ್ತಾ ಅಂತ ವಿಚಾರಿಸಿದ್ರು. ಬರೋವಾಗ ಬಿಸ್ಕತ್ತು ಕೊಟ್ಟಿದ್ರು. ಹುಟ್ಟುಹಬ್ಬಕ್ಕೆ ಪ್ರತೀ ವರ್ಷ ಶುಭಾಶಯ ಕಳಿಸ್ತಾರೆ.”

ಮೂತ್ರದ ಮುದುಕ ಕಣ್ಣೊರೆಸಿಕೊಂಡ.

ಲಾಯ್ಡ್ ಮೇಜು ಗುದ್ದಿದ. “ಕೇಳ್ಕೊಳ್ಳಿ! ಇದು ಸರ್ಕಾರ ಇಲ್ಲದೆ ಆಗಿರೋದು! ಮುಂದಿನ ಶನಿವಾರ ಸೆನೆಟರು ಬರ್ತಾರಲ್ಲ, ಅವರ ಮುಂದೆ ಇದನ್ನೇ ಹೇಳ್ತೀಯ ನೀನು!”

ಶನಿವಾರದ ಸಂಗತಿ ಹೀಗೆ. ಗವರ್ನರಮ್ಮನ ಮಸೂದೆ ರಾಜ್ಯದ ಸೆನೆಟ್ಟಿನಲ್ಲಿ ಸರಿಸಮವಾಗಿ ನಿಂತಿತ್ತು. ಅರ್ಧ ಜನ ಬೇಕು, ಅರ್ಧ ಜನ ಬೇಡ. ಉಳಿದ ಒಂದೇ ಒಂದು ಓಟು ಈ ಜಿಲ್ಲೆಯ ಸೆನೆಟರ್ ಕ್ಲೆಮೆಂಟ್ ಹಾರ್ಗಿಸ್ ಅವರದು. ಯಾವ ವಿಷಯದಲ್ಲೂ ಅಭಿಪ್ರಾಯ ಇಟ್ಟುಕೊಳ್ಳದೆ ಇಪ್ಪತ್ತೆರಡು ವರ್ಷ ಗೆದ್ದುಬಂದಿದ್ದ ಆ ಪುಣ್ಯಾತ್ಮರು, “ಕಾರ್ವರ್ಸ್ ಬೆಂಡಿನ ಜನ ಏನು ಹೇಳ್ತಾರೋ ಅದೇ ನನ್ನ ಓಟು” ಎಂದು ಪತ್ರಿಕೆಗೆ ಹೇಳಿ, ಫೈರ್ ಸ್ಟೇಷನ್ನಿನಲ್ಲಿ ಪ್ಯಾನ್‌ಕೇಕ್ ಉಪಾಹಾರದ ದಿನ ಸಭೆ ಇಟ್ಟುಕೊಂಡಿದ್ದರು. ಜನರ ಮಾತು ರುಚಿಸದಿದ್ದರೂ ಪ್ಯಾನ್‌ಕೇಕ್ ರುಚಿಸುತ್ತದೆ ಎಂಬ ಧೈರ್ಯ.

ಭಾನುವಾರ ಚರ್ಚಿನಿಂದ ಬರುವಷ್ಟರಲ್ಲಿ ಡೆಲ್ಬರ್ಟನ ಮನೆ ಮುಂದೆ ಲಾಯ್ಡ್ ಹೊಸ ಬೋರ್ಡು ನೆಟ್ಟಿದ್ದ: “ಡೆಲ್ಬರ್ಟನಿಗೆ ಇದೆ! ಗವರ್ನರಮ್ಮ ಯಾಕೆ?” ಸೋಮವಾರ ಅದರ ಪಕ್ಕದಲ್ಲೇ ಜೊಲೀನ್ ಇನ್ನೊಂದು ನೆಟ್ಟಳು: “ಡೆಲ್ಬರ್ಟನಿಗೆ ಇರೋದು ನಮಗೂ ಬೇಕು!” ಎರಡು ಪಕ್ಷಗಳೂ ಒಬ್ಬನೇ ಮನುಷ್ಯನನ್ನು ಬಾವುಟ ಮಾಡಿಕೊಂಡದ್ದು ಆ ರಾಜ್ಯದ ಇತಿಹಾಸದಲ್ಲೇ ಮೊದಲಿರಬೇಕು. ಡ್ಯೂಕ್ ಎರಡೂ ಬೋರ್ಡುಗಳ ಬುಡಕ್ಕೆ ಹೋಗಿ, ಪಕ್ಷಪಾತವಿಲ್ಲದೆ, ಕಾಲೆತ್ತಿ ಬಂದ.

ಮಂಗಳವಾರದಿಂದ ಜನ ಬರತೊಡಗಿದರು. ಆ ಡಾಕ್ಟರ ಹೆಸರೇನು, ಎಲ್ಲಿ ಕೂರುತ್ತಾರೆ, ನಮ್ಮಮ್ಮನನ್ನು ನೋಡುತ್ತಾರಾ. ಡೆಲ್ಬರ್ಟ್, “ಅವರು ಎಲ್ಲರನ್ನೂ ತಗೊಳ್ಳೋಲ್ಲ, ಬಹಳ ಆರಿಸಿ ತಗೋತಾರೆ” ಎಂದ. ಅದೂ ನಿಜವೇ. ಮೂತ್ರದ ಮುದುಕ ಬಾಗಿಲಲ್ಲಿ ನಿಂತು, “ನಿನ್ನ ಡಾಕ್ಟ್ರಿಗೆ ಒಂದು ಮಾತು ಕೇಳಪ್ಪ, ನನಗೆ ಸೆಪ್ಟೆಂಬರ್ ತನಕ ತಡ್ಕೊಳ್ಳೋಕಾಗಲ್ಲ” ಎಂದಾಗ ಮಾತ್ರ ಡೆಲ್ಬರ್ಟನಿಗೆ ಅವನ ಮುಖ ನೋಡಲಾಗಲಿಲ್ಲ. ಬಚ್ಚಲು ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತ.

ಮುದುಕ ಹೋದಮೇಲೆ ನಡೀನ್ ಬಚ್ಚಲಿನ ಬಾಗಿಲು ಬಡಿದಳು.

“ಹೊರಗೆ ಬಾ. ಶನಿವಾರ ಏನಂತ ಹೇಳ್ತೀಯ?”

“ಏನು ಹೇಳೋದು, ಬೇಡ ಅಂತ. ಲಾಯ್ಡಿಗೆ ಮಾತು ಕೊಟ್ಟಿದೀನಿ.”

“ಬೇಡ ಅಂದ್ರೆ ಆ ಪುಣ್ಯಾತ್ಮ ಬೇಡ ಅಂತ ಓಟು ಹಾಕ್ತಾನೆ. ಮಸೂದೆ ಬೀಳುತ್ತೆ. ಮಸೂದೆ ಬಿದ್ರೆ ನಿನ್ನ ಆಪರೇಷನ್ ಯಾರು ಮಾಡಿಸ್ತಾರೆ, ಲಾಯ್ಡಾ? ಅವನ ಹಳೇ ಮಂಡಿ ತಂದು ನಿನ್ನ ಹೊಟ್ಟೆಗೆ ಇಡ್ತಾನಾ?”

“ಈಗ ಹೋಗಿ ಇಲ್ಲ ಅಂದ್ರೆ ಊರೆಲ್ಲ ನಗುತ್ತೆ ನಡೀನ್.”

“ನಗ್ಲಿ. ಅಳೋಕಿಂತ ಖರ್ಚು ಕಮ್ಮಿ.” ಅವಳು ಬಾಗಿಲಿಗೇ ಒರಗಿ ಕೂತಳು. “ನೋಡು ಡೆಲ್, ನೀನು ಸತ್ರೆ ಈ ಮನೇಲಿ ಆರೋಗ್ಯವಾಗಿ ಉಳಿಯೋದು ನಾಯಿ ಒಂದೇ. ನನಗೆ ಅದರ ಜೊತೆ ಮಾತಾಡೋಕೆ ಬರಲ್ಲ.”

ಒಳಗೆ ನಲ್ಲಿ ಸುರಿಯುತ್ತಲೇ ಇತ್ತು.

ಶನಿವಾರ ಬೆಳಗ್ಗೆ ಫೈರ್ ಸ್ಟೇಷನ್ನಿನ ಎರಡು ಕೆಂಪು ಬಂಡಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದ ಮೇಜುಗಳನ್ನು ಹಾಕಿದ್ದರು. ಊರಿನಲ್ಲಿ ಬೆಂಕಿ ಆರಿಸುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಇವತ್ತು ಏಪ್ರನ್ ಕಟ್ಟಿಕೊಂಡು ಪ್ಯಾನ್‌ಕೇಕ್ ಮಗುಚುತ್ತಿದ್ದರು. ಬೇಕು ಅನ್ನುವವರು ಎಡಕ್ಕೆ, ಬೇಡ ಅನ್ನುವವರು ಬಲಕ್ಕೆ. ನಡುವೆ ಸೆನೆಟರ್ ಹಾರ್ಗಿಸ್, ಎರಡೂ ಕಡೆಗೆ ಸಮನಾಗಿ ನಗುತ್ತ ಆರನೆಯ ಪ್ಯಾನ್‌ಕೇಕಿನಲ್ಲಿದ್ದರು.

ಲಾಯ್ಡ್ ತಾನೇ ತಟ್ಟೆ ತಂದು ಡೆಲ್ಬರ್ಟನ ಮುಂದಿಟ್ಟ. ಬೆಣ್ಣೆಯಲ್ಲಿ ತೊಯ್ದ ನಾಲ್ಕು ಪ್ಯಾನ್‌ಕೇಕು, ಕೊಬ್ಬು ಜಿನುಗುವ ಐದು ಹಂದಿಮಾಂಸದ ಸಾಸೇಜು. “ತಿನ್ನೋ. ಮಾತಾಡೋಕೆ ಶಕ್ತಿ ಬೇಕು.”

“ಹೊಟ್ಟೆ ತುಂಬಿದೆ ಲಾಯ್ಡ್.”

“ನಿನಗೇನು ಭಯ ಮಾರಾಯ! ಏನಾದ್ರೂ ಆದ್ರೆ ಅರ್ಧ ಗಂಟೇಲಿ ಡಾಕ್ಟ್ರು ಹೊಟ್ಟೆ ಸವರ್ತಾರೆ. ಭಯ ಪಡಬೇಕಾದೋರು ನಾವು!” ಎಂದು ಬಲಗಡೆಯವರೆಲ್ಲ ನಗುವಂತೆ ಲಾಯ್ಡ್ ಕೂಗಿದ.

ಎಡಗಡೆಯಿಂದ ನಡೀನ್ ತಲೆಯಾಡಿಸಿ ಬೇಡ ಎಂದು ಸನ್ನೆ ಮಾಡಿದಳು. ನೂರು ಜನ ನೋಡುತ್ತಿದ್ದರು. ಡೆಲ್ಬರ್ಟ್ ಐದು ಸಾಸೇಜನ್ನೂ ತಿಂದ. ಮಾನ ಉಳಿಸಿಕೊಳ್ಳಲು ಮನುಷ್ಯ ವಿಷ ಕುಡಿದದ್ದುಂಟು, ಇಷ್ಟು ಬೆಣ್ಣೆ ಹಚ್ಚಿಕೊಂಡು ಅಲ್ಲ.

ಹೆಸರು ಕೂಗಿದರು. ಮೈಕಿನ ಮುಂದೆ ನಿಂತಾಗ ಬಲಪಕ್ಕೆಯಲ್ಲಿ ಸ್ಪಾನರ್ ಮೊದಲ ಸುತ್ತು ತಿರುಗಿತು.

“ಸೆನೆಟರ್ ಸಾಹೇಬ್ರೆ,” ಎಂದ. “ನನಗೆ ವಿಮೆ ಇದೆ. ಅದು... ಫೋನ್ ಮಾಡಿದ ದಿನಾನೇ ನೋಡ್ತಾರೆ. ಕಾಯೋ ಜಾಗದಲ್ಲಿ ಮೆತ್ತನೆ ಹಾಸು ಇರುತ್ತೆ. ಕುಡಿಯೋಕೆ ಬಟ್ಟಲಲ್ಲಿ ನೀರಿಟ್ಟಿರ್ತಾರೆ. ಸೂಜಿ ಚುಚ್ಚೋವಾಗ ಇಬ್ಬರು ಹಿಡ್ಕೊಂಡು ಮುದ್ದು ಮಾಡ್ತಾರೆ.”

“ಮುದ್ದು ಮಾಡ್ತಾರಾ!” ಎಂದರು ಸೆನೆಟರು, ಫೋರ್ಕು ಕೆಳಗಿಟ್ಟು.

“ಕಿವಿ ಹಿಂದೆ ತುರಿಸ್ತಾರೆ. ಉಗುರು ಕತ್ತರಿಸ್ತಾರೆ, ಅದಕ್ಕೆ ಬೇರೆ ಚಾರ್ಜಿಲ್ಲ.”

ಎಡಗಡೆಯಿಂದ ಜೊಲೀನ್ ಎದ್ದಳು. “ಸಾಹೇಬ್ರೆ, ಇದನ್ನೇ ಎಲ್ಲರಿಗೂ ಕೊಡಿ ಅಂತಿರೋದು ನಾವು!” ಬಲಗಡೆಯಿಂದ ಲಾಯ್ಡ್ ಎದ್ದ. “ಇದನ್ನ ಹಾಳು ಮಾಡಬೇಡಿ ಅಂತಿರೋದು ನಾವು!” ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಸೆನೆಟರ್ ಹಾರ್ಗಿಸ್ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಒಂದು ಅಭಿಪ್ರಾಯಕ್ಕೆ ಬರುವವರಂತೆ ಕಂಡರು. “ಯಾವ ಕಂಪನಿ ಅಪ್ಪಾ ಅದು? ನಮ್ಮಮ್ಮನಿಗೂ ಮಾಡಿಸ್ತೀನಿ. ಈಗ ಹೇಳು, ಗವರ್ನರಮ್ಮನ ಮಸೂದೆ ಬೇಕೋ ಬೇಡವೋ?”

ಡೆಲ್ಬರ್ಟ್ ಬಾಯಿ ತೆರೆದ. ಬೇಡ ಎನ್ನಲು ತೆರೆದನೋ ಬೇಕು ಎನ್ನಲೋ, ಅವನಿಗೇ ಗೊತ್ತಿರಲಿಲ್ಲ. ಹೊರಬಂದದ್ದು ಒಂದು ಊಳು. ಸ್ಪಾನರ್ ಪೂರ್ತಿ ತಿರುಗಿತ್ತು. ಅವನು ಮೇಜಿನ ಬಟ್ಟೆ ಹಿಡಿದು, ಪ್ಯಾನ್‌ಕೇಕಿಗೆ ಸುರಿಯುವ ಸಿಹಿಪಾಕದ ಜಗ್ಗುಗಳ ಸಮೇತ ನೆಲಕ್ಕೆ ಬಿದ್ದ.

“ಆಂಬುಲೆನ್ಸ್!” ಎಂದು ನೂರು ಜನ ಕೂಗಿ ನೂರು ಫೋನು ಹೊರತೆಗೆದರು. ಹಾಗೆಯೇ ನಿಂತರು. ಬಿದ್ದವನನ್ನು ಕೇಳದೆ ಅವನ ತಲೆಗೆ ಸಾವಿರಾರು ಡಾಲರಿನ ಆಂಬುಲೆನ್ಸ್ ಬಿಲ್ಲು ಕಟ್ಟುವಷ್ಟು ದ್ವೇಷ ಆ ಊರಿನಲ್ಲಿ ಯಾರಿಗೂ ಯಾರ ಮೇಲೂ ಇರಲಿಲ್ಲ.

“ಬೇಡ... ಆಂಬುಲೆನ್ಸ್ ಬೇಡ...” ಎಂದು ನೆಲದಿಂದ ದನಿ ಬಂತು.

“ಸುಮ್ನಿರೋ! ನಿನ್ನ ವಿಮೆ ಎಲ್ಲಾ ಕೊಡುತ್ತೆ,” ಎಂದು ಲಾಯ್ಡ್ ಮಂಡಿಯೂರಿ ಡೆಲ್ಬರ್ಟನ ಜೇಬಿನಿಂದ ಕಾರ್ಡು ಕಿತ್ತುಕೊಂಡ. ನಡೀನ್ “ಲಾಯ್ಡ್, ಬೇಡ!” ಎನ್ನುತ್ತ ಜನರನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಅವನು ಕಾರ್ಡಿನ ಮೇಲೆ ದೊಡ್ಡದಾಗಿ ಅಚ್ಚಾಗಿದ್ದ ಫೋನ್ ನಂಬರನ್ನು ಒತ್ತಿ, ಫೋನನ್ನು ಮೈಕಿಗೆ ಹಿಡಿದೂ ಆಗಿತ್ತು. “ಸೆನೆಟರೂ ಕೇಳ್ಲಿ, ಸರ್ಕಾರ ಇಲ್ಲದಿದ್ರೆ ಸೇವೆ ಹೇಗಿರುತ್ತೆ ಅಂತ.”

ಒಂದೇ ರಿಂಗಿಗೆ ಫೋನು ಎತ್ತಿದರು. ಒಂದನ್ನು ಒತ್ತಿ ಎರಡನ್ನು ಒತ್ತಿ ಎನ್ನಲಿಲ್ಲ. ಸಂಗೀತ ಹಾಕಲಿಲ್ಲ. ಜೀವಂತ ಹೆಂಗಸೊಬ್ಬಳು ಜೇನಿನಂಥ ದನಿಯಲ್ಲಿ, “ನಮಸ್ಕಾರ, ಯಾರಿಗೆ ಹುಷಾರಿಲ್ಲ?” ಎಂದಳು. ಸಭೆಯಲ್ಲಿ ಇಬ್ಬರು ಹೆಂಗಸರು ಎದೆಯ ಮೇಲೆ ಕೈಯಿಟ್ಟುಕೊಂಡರು.

“ಸ್ಟ್ರಿಕ್ಲರ್!” ಎಂದು ಕೂಗಿ ಲಾಯ್ಡ್ ಸಂಖ್ಯೆ ಓದಿದ.

“ಅಯ್ಯೋ ನಮ್ಮ ಬಂಗಾರಕ್ಕೆ ಏನಾಯ್ತು? ಏನಾದ್ರೂ ತಿಂದನಾ?”

“ಐದು ಸಾಸೇಜು, ನಾಲ್ಕು ಪ್ಯಾನ್‌ಕೇಕು!”

“ಅಷ್ಟೊಂದು ಯಾರು ಹಾಕಿದ್ದು ಅವನಿಗೆ? ಬುದ್ಧಿ ಬೇಡವಾ?”

“ನಾನೇ... ಈಗ ಏನು ಮಾಡೋದು ಹೇಳಿ.”

“ಗಾಬರಿಯಾಗಬೇಡಿ. ಮೂಗು ಮುಟ್ಟಿ ನೋಡಿ. ಒದ್ದೆ ಇದೆಯಾ?”

ಲಾಯ್ಡ್ ಬೆರಳಿಟ್ಟು ನೋಡಿದ. ಸಿಹಿಪಾಕ. “ಒದ್ದೆ ಇದೆ.”

“ಒಳ್ಳೇದು. ನಿಂತಿದಾನಾ, ಮಲಗಿದಾನಾ?”

“ಮಲಗಿದಾನೆ. ಕಾಲು ಒದರ್ತಿದಾನೆ.”

“ಬಾಲ ಅಲ್ಲಾಡಿಸ್ತಿದಾನಾ?”

ಲಾಯ್ಡ್ ಬಹಳ ಗೌರವದಿಂದ ಕೇಳಿದ: “ಏನು ಅಲ್ಲಾಡಿಸ್ತಿದಾನಾ?”

“ಬಾಲ. ಡ್ಯೂಕಂದು. ಕಂದು ಬಿಳಿ ಬಣ್ಣ, ಮೂವತ್ತೆರಡು ಪೌಂಡು. ಈಗಲೇ ಕರ್ಕೊಂಡು ಬನ್ನಿ, ಮೇಜು ಖಾಲಿ ಇದೆ. ಹಗ್ಗ ಮರೀಬೇಡಿ.”

ಲಾಯ್ಡ್ ಕಾರ್ಡನ್ನು ಕಣ್ಣಿನ ಹತ್ತಿರ ತಂದ. ದೂರ ಹಿಡಿದ. ಪಂಜದ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದ. ಅದು ಹೋಗಲಿಲ್ಲ.

ನಡೀನ್ ಅವನ ಕೈಯಿಂದ ಮೈಕು ಕಿತ್ತುಕೊಂಡಳು. “ಹೌದು, ಅದು ನಾಯಿ ಕಾರ್ಡು. ನಾನು ಹತ್ತು ವರ್ಷದಿಂದ ಬೋನು ತೊಳೀತೀನಿ. ಅದಕ್ಕೆ ನನ್ನ ನಾಯಿಗೆ ವಿಮೆ. ನನಗಿಲ್ಲ, ನನ್ನ ಗಂಡನಿಗಿಲ್ಲ. ಅವನು ಹೇಳಿದ್ದೆಲ್ಲಾ ನಿಜ, ಒಂದಕ್ಷರ ಸುಳ್ಳಲ್ಲ. ನಮ್ಮ ಡ್ಯೂಕನ್ನ ಹಾಗೇ ನೋಡ್ಕೋತಾರೆ. ಈಗ ಯಾರು ನಗ್ತೀರೋ ನಕ್ಕುಬಿಡಿ, ಬೇಗ, ನನಗೆ ಪುರುಸೊತ್ತಿಲ್ಲ.”

ಯಾರೂ ನಗಲಿಲ್ಲ. ಮೂತ್ರದ ಮುದುಕ ಕುರ್ಚಿ ಹಿಡಿದು ಎದ್ದ. “ಅಂದ್ರೆ,” ಎಂದ ನಿಧಾನವಾಗಿ, “ಹನ್ನೊಂದೂವರೆಗೆ ಒಳಗೆ ಕರೆದದ್ದು... ನಾಯಿನಾ?”

ಆಮೇಲೆ ಎದ್ದ ಗಲಾಟೆಯಲ್ಲಿ ಎಡ ಬಲ ಎಂಬ ಭೇದ ಉಳಿಯಲಿಲ್ಲ. ನಾಯಿಗೆ ಮೆತ್ತನೆ ಹಾಸು, ನನಗೆ ಪ್ಲಾಸ್ಟಿಕ್ ಕುರ್ಚಿ ಎಂದು ಒಬ್ಬ. ಹುಟ್ಟುಹಬ್ಬಕ್ಕೆ ನನಗೆ ಬಂದದ್ದು ಬಿಲ್ಲು ಎಂದು ಇನ್ನೊಬ್ಬಳು. ಸೆನೆಟರು ಎರಡೂ ಕೈ ಎತ್ತಿ, ಈ ಬಗ್ಗೆ ಒಂದು ಸಮಿತಿ ಮಾಡೋಣ, ಅದರಲ್ಲಿ ನಾಯಿಗಳ ಮಾಲೀಕರಿಗೂ ಪ್ರಾತಿನಿಧ್ಯ ಕೊಡೋಣ ಎಂದು ಕೂಗುತ್ತ ಹಿಂಬಾಗಿಲಿನ ಕಡೆ ಸರಿದರು. ಆ ಜಗಳವೆಲ್ಲ ಯಾರ ಹೊಟ್ಟೆಯ ಬಗ್ಗೆ ನಡೆಯುತ್ತಿತ್ತೋ ಅವನು ನೆಲದ ಮೇಲೆ ಹಾಗೆಯೇ ಬಿದ್ದಿದ್ದ.

ಅವನ ಪಕ್ಕದಲ್ಲಿ ಯಾರೋ ಪಾಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತರು. ಪ್ರಾಣಿ ವೈದ್ಯ ಡಾಕ್ಟರ್ ಪೆಲ್. ಪ್ಯಾನ್‌ಕೇಕಿಗೆಂದು ಬಂದಿದ್ದವರು. ಡೆಲ್ಬರ್ಟನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಬಲಪಕ್ಕೆಯ ಮೇಲೆ ಮೆಲ್ಲಗೆ ಕೈಯಿಟ್ಟರು. ಡೆಲ್ಬರ್ಟ್ ಕಿರುಚಿದ.

“ಹೆದರಬೇಡ,” ಎಂದರು ಅವರು. ಆಮೇಲೆ ನಡೀನಳತ್ತ ತಿರುಗಿ, “ಇವನು ನಾಯಿಯಾಗಿದ್ರೆ ಹತ್ತು ನಿಮಿಷದಲ್ಲಿ ನನ್ನ ಮೇಜಿನ ಮೇಲಿರ್ತಿದ್ದ. ಮನುಷ್ಯನನ್ನ ಮುಟ್ಟಿದ್ರೆ ನನ್ನನ್ನ ಜೈಲಿಗೆ ಹಾಕ್ತಾರಮ್ಮ. ಆಸ್ಪತ್ರೆಗೆ ಹಾಕ್ಕೊಂಡು ಹೋಗಿ, ಈಗಲೇ.”

ಏಪ್ರನ್ ಕಟ್ಟಿದ್ದ ಆರು ಜನ ಸ್ವಯಂಸೇವಕರು ಡೆಲ್ಬರ್ಟನನ್ನು ಮಡಚುವ ಮೇಜಿನ ಸಮೇತ ಎತ್ತಿ ಕೆಂಪು ಬಂಡಿಗೆ ಏರಿಸಿದರು. ಬೆಂಕಿ ಆರಿಸುವ ಬಂಡಿಗೆ ಬಿಲ್ಲು ಬರುವುದಿಲ್ಲ. ಗಂಟೆ ಬಾರಿಸುತ್ತ, ಒಬ್ಬ ಪ್ಯಾನ್‌ಕೇಕ್ ಮಗುಚುವ ಸಟ್ಟುಗವನ್ನು ಕೈಯಲ್ಲಿ ಹಿಡಿದುಕೊಂಡೇ, ಇಪ್ಪತ್ತೆರಡು ಮೈಲಿ ದೂರದ ಆಸ್ಪತ್ರೆಗೆ ಹೋದರು.

ಜೀವ ಹೋಗುವ ಹಂತಕ್ಕೆ ಬಂದವನನ್ನು ಆಸ್ಪತ್ರೆ ವಾಪಸು ಕಳಿಸುವಂತಿಲ್ಲ. ಅಂದರೆ ಹೊಟ್ಟೆ ಸ್ವಲ್ಪ ಕೆಟ್ಟಾಗ ಬಾಗಿಲು ಮುಚ್ಚಿರುತ್ತದೆ, ಪೂರ್ತಿ ಕೆಟ್ಟಾಗ ತೆರೆಯುತ್ತದೆ. ಕೀವು ತುಂಬಿದ್ದ ಪಿತ್ತಕೋಶವನ್ನು ಅವತ್ತೇ ತೆಗೆದರು. ಇನ್ನು ಒಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು. ಒಂದು ವರ್ಷದಿಂದ ನೋವು ನುಂಗಿಕೊಂಡಿದ್ದವನು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಸೋಮವಾರ ಡೆಲ್ಬರ್ಟ್ ದಿಂಬಿಗೊರಗಿ ಕೂತು, “ನಡೀನ್, ಫೋನ್ ಕೊಡು,” ಎಂದ.

“ಯಾರಿಗೆ?”

“ಸೆನೆಟರಿಗೆ. ನಾಳೆ ಓಟು. ಅವತ್ತು ಅವರು ಕೇಳಿದ್ದಕ್ಕೆ ನಾನು ಇನ್ನೂ ಉತ್ತರ ಹೇಳಿಲ್ಲ.”

ಸೆನೆಟರ ಕಚೇರಿಯ ಫೋನು ಸಂಗೀತ ಹಾಡಿತು. ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು ನಲವತ್ತು ನಿಮಿಷ ಹೇಳಿತು. ಡೆಲ್ಬರ್ಟ್ ಫೋನನ್ನು ಎದೆಯ ಮೇಲಿಟ್ಟುಕೊಂಡು ಕಾದ. ಕೊನೆಗೆ ಒಬ್ಬ ಹುಡುಗಿಯ ದನಿ ಬಂತು.

“ಡೆಲ್ಬರ್ಟ್ ಸ್ಟ್ರಿಕ್ಲರ್, ಕಾರ್ವರ್ಸ್ ಬೆಂಡ್,” ಎಂದ ಅವನು. ವಾರ್ಡಿನ ಎಂಟು ಹಾಸಿಗೆಗಳಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದ. “ನನಗೆ ವಿಮೆ ಇಲ್ಲಮ್ಮ. ನಾಯಿದಲ್ಲ, ನನ್ನ ಮಾತು ಹೇಳ್ತಿದೀನಿ. ಬೇಕು ಅಂತ ಬರ್ಕೊ. ಇರು, ಇಡಬೇಡ, ನನ್ನ ಹೆಂಡತಿ ಮಾತಾಡ್ತಾಳೆ.”

ನಡೀನ್ ಆದಮೇಲೆ ಪಕ್ಕದ ಹಾಸಿಗೆಯವನು ಕೈ ಚಾಚಿದ. ಅವನ ಪಕ್ಕದವನು ಅವನಿಂದ ಕಿತ್ತುಕೊಂಡ. ಫೋನು ಎಂಟೂ ಹಾಸಿಗೆ ಸುತ್ತಿ ಬಾಗಿಲಿಗೆ ಬಂದಾಗ ಅಲ್ಲಿ ಲಾಯ್ಡ್ ನಿಂತಿದ್ದ. ಕೈಯಲ್ಲಿ ಹೂವಿತ್ತು. ಹೂವು ಕೊಡುವುದೋ ಬಿಸಾಡಿ ಓಡುವುದೋ ಎಂದು ಐದು ನಿಮಿಷದಿಂದ ಯೋಚಿಸುತ್ತಿದ್ದ. ಕೊನೆಯ ಹಾಸಿಗೆಯವನು ಫೋನನ್ನು ಅವನ ಕೈಗಿಟ್ಟುಬಿಟ್ಟ.

“ಹೆಸರು ಹೇಳಿ ಸಾರ್,” ಎಂದಿತು ಫೋನು.

“ಲಾಯ್ಡ್ ಫಂಡರ್‌ಬರ್ಗ್. ನಿವೃತ್ತ ಪೋಸ್ಟ್‌ಮನ್.” ಅವನು 'ನನ್ನ ಮೈ ಮುಟ್ಟಬೇಡ ಸರ್ಕಾರವೇ' ಎಂದು ಬೋರ್ಡು ಬರೆಸಿದವನು. ಎಂಟು ಹಾಸಿಗೆಗಳು ಅವನನ್ನು ನೋಡುತ್ತಿದ್ದವು. “ನನಗೆ ಬೇಡ. ನನಗೆ ಇದೆ. ಇವನಿಗೆ ಕೊಡಿ.”

“ಹಾಗೆ ಬರ್ಕೊಳ್ಳೋಕೆ ಜಾಗ ಇಲ್ಲ ಸಾರ್. ಬೇಕು ಅಥವಾ ಬೇಡ, ಎರಡೇ ಇರೋದು.”

ಲಾಯ್ಡ್ ಡೆಲ್ಬರ್ಟನ ಹೊಟ್ಟೆಯ ಪಟ್ಟಿ ನೋಡಿದ. ನಡೀನಳನ್ನು ನೋಡಿದ. ಗೋಡೆಗೆ ತಿರುಗಿಕೊಂಡು, ಪಾಪನಿವೇದನೆಗೆ ಕೂತವನ ಹಾಗೆ, ತುಟಿಯಲ್ಲೇ ಏನೋ ಅಂದ.

“ಕೇಳಿಸ್ಲಿಲ್ಲ ಸಾರ್.”

“ಬೇಕು!” ಎಂದು ಲಾಯ್ಡ್ ಅರಚಿದ. “ಬೇಕು, ಬೇಕು, ಬೇಕು! ಎಷ್ಟು ಸಲ ಹೇಳಿಸ್ತೀಯ? ಕಿವಿ ಡಾಕ್ಟರಿಗೆ ತೋರಿಸ್ಕೋಬಾರದಾ ನೀನು?”

“ನನ್ನನ್ನ ಈ ಒಂದು ವಾರಕ್ಕೆ ಮಾತ್ರ ಕೆಲಸಕ್ಕೆ ತಗೊಂಡಿದಾರೆ ಸಾರ್, ಫೋನ್ ಎತ್ತೋಕೆ,” ಎಂದಳು ಹುಡುಗಿ. “ನನಗೆ ವಿಮೆ ಇಲ್ಲ.”